ಅಪ್ಪನ ಲ್ಯಾಪ್‌ಟಾಪ್, ಮಳೆಗಾಲದ ರಿಪೇರಿ

ಜೂನ್ 14

ಮೂಡಿಗೆರೆ ಕಡೆ ಮಳೆ ಹಿಡಿದು ನಾಲ್ಕು ದಿನ ಆಯಿತು. ತೋಟಕ್ಕೆ ಇಳಿಯುವ ಹಾಗಿಲ್ಲ. ಹಾಗಾಗಿ ಎರಡು ವರ್ಷದಿಂದ ಮುಂದೂಡುತ್ತಿದ್ದ ಕೆಲಸಕ್ಕೆ ಕೈ ಹಾಕಿದ್ದೇನೆ. ಅಪ್ಪನ ಲ್ಯಾಪ್‌ಟಾಪ್. 2014ರಲ್ಲಿ ಕೊಂಡದ್ದು. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ, ಚಾರ್ಜರ್ ಸಿಕ್ಕಿಸಿಯೇ ಓಡಿಸಬೇಕು.

ಅಪ್ಪನ ದೂರು ಒಂದೇ ಸಾಲಿನದು: "ಮೆಮೊರಿ ಫುಲ್ ಅಂತ ಬರ್ತಿದೆ ಕಣೋ, ಜಾಸ್ತಿ ಮಾಡಿಸು."

ಗಡಿಯಾರ ಹಿಡಿದು ಕೂತೆ. ಬಟನ್ ಒತ್ತಿದಲ್ಲಿಂದ ಬ್ರೌಸರ್ ತೆರೆಯುವ ತನಕ 4 ನಿಮಿಷ 10 ಸೆಕೆಂಡ್. ಅಷ್ಟರಲ್ಲಿ ಅಮ್ಮ ಕಾಫಿ ಸೋಸಿ ತಂದಿಟ್ಟರು.

ಜೂನ್ 17

ಅಪ್ಪ ಹೇಳಿದ ಮೆಮೊರಿ ಇದೇ ಇರಬೇಕು ಅಂದುಕೊಂಡು, ಚಿಕ್ಕಮಗಳೂರಿಗೆ ಹೋಗಿ 4 ಜಿಬಿ ರ‍್ಯಾಮ್ ಕಡ್ಡಿ ತಂದೆ. ಮನೆಗೆ ಬಂದು ಸ್ಕ್ರೂ ಬಿಚ್ಚಿ ನೋಡಿದರೆ ಕೂರುವುದೇ ಇಲ್ಲ. ನಾನು ತಂದದ್ದು ಮುಂದಿನ ತಲೆಮಾರಿನ ಡಿಡಿಆರ್4, ಅದಕ್ಕೆ 260 ಪಿನ್. ಈ ಲ್ಯಾಪ್‌ಟಾಪ್‌ಗೆ ಬೇಕಾದದ್ದು 204 ಪಿನ್‌ನ ಡಿಡಿಆರ್3ಎಲ್. ನಡುವಿನ ಕಚ್ಚು ಕೂಡ ಬೇರೆ ಜಾಗದಲ್ಲಿರುತ್ತದೆ, ಹಾಗಾಗಿ ಒತ್ತಿ ತುರುಕೋಣ ಅಂದರೂ ಆಗದು. ಅಂಗಡಿಯವರದ್ದೇನೂ ತಪ್ಪಿಲ್ಲ. "ಲ್ಯಾಪ್‌ಟಾಪ್ ರ‍್ಯಾಮ್ ಕೊಡಿ" ಅಂತಷ್ಟೇ ಕೇಳಿದ್ದೆ. ಇನ್ನೊಂದು ಸಲ 30 ಕಿಲೋಮೀಟರ್.

ಜೂನ್ 21

ಸರಿಯಾದದ್ದು ಬಂತು. 'ಎಲ್' ಅಕ್ಷರವನ್ನೂ ನೋಡಿಕೊಂಡೇ ತಂದೆ. ಅದು 1.35 ವೋಲ್ಟಿನದು, ಸಾದಾ ಡಿಡಿಆರ್3 1.5 ವೋಲ್ಟಿನದು. ಓರೆಯಾಗಿ ತೂರಿಸಿ ಕೆಳಗೆ ಒತ್ತಿದರೆ ಎರಡು ಕಡೆಯ ಕ್ಲಿಪ್ಪೂ ಟಕ್ ಅಂದವು. ಈಗ ಒಟ್ಟು 8 ಜಿಬಿ.

ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದರೂ ಈಗ ಏದುಸಿರು ಬಿಡುತ್ತಿಲ್ಲ. ಆದರೆ ಅಪ್ಪ ದೂರಿದ ಆ ಮೆಸೇಜು ಅಲ್ಲೇ ಇದೆ. ಸರಿಯಾಗಿ ಓದಿ ನೋಡಿದೆ: 'ಲೋ ಡಿಸ್ಕ್ ಸ್ಪೇಸ್'. ಮೊದಲ ದಿನವೇ ಇದನ್ನು ಓದಬೇಕಿತ್ತು.

ತಮಾಷೆ ಇಷ್ಟಕ್ಕೇ ಮುಗಿಯಲಿಲ್ಲ. ಬೆಳಿಗ್ಗೆ, ಡಿಸ್ಕಿನಲ್ಲಿ ವಿಂಡೋಸ್ ಕೂತಿರುವ ಭಾಗವಾದ ಸಿ ಡ್ರೈವ್‌ನಲ್ಲಿ 2.1 ಜಿಬಿ ಖಾಲಿ ಇತ್ತು. ರ‍್ಯಾಮ್ ಹಾಕಿ ಆನ್ ಮಾಡಿದ ಮೇಲೆ ಸುಮಾರು ಅರ್ಧ ಜಿಬಿ! ರ‍್ಯಾಮ್ ಜಾಸ್ತಿ ಮಾಡಿದ್ದಕ್ಕೆ ಡಿಸ್ಕಿನ ಜಾಗ ಕಮ್ಮಿಯಾಗಿದೆ. ರಾತ್ರಿ ಹನ್ನೊಂದರ ತನಕ ಹುಡುಕಿದೆ. ವಿಂಡೋಸ್ ಹೈಬರ್ನೇಟ್ ಆಗುವಾಗ ರ‍್ಯಾಮ್‌ನಲ್ಲಿ ಇದ್ದದ್ದನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಅದಕ್ಕೆಂದು ಒಂದು ಫೈಲನ್ನು ಮೊದಲೇ ಕಾಯ್ದಿರಿಸಿರುತ್ತದೆ. ವಿಂಡೋಸ್ 10ರಲ್ಲಿ ಅದು ಸಾಮಾನ್ಯವಾಗಿ ರ‍್ಯಾಮ್‌ನ ಶೇಕಡಾ 40ರಷ್ಟು. 4 ಜಿಬಿ ಇದ್ದಾಗ 1.6, 8 ಆದ ಮೇಲೆ 3.2. ಲೆಕ್ಕ ಕೂಡಿತು.

ಜೂನ್ 22

ಬೆಳಿಗ್ಗೆ ಅಪ್ಪನಿಗೆ ಇದನ್ನು ವಿವರಿಸಬೇಕಾಯಿತು. ರ‍್ಯಾಮ್ ಅಂದರೆ ಮೇಜು, ಡಿಸ್ಕ್ ಅಂದರೆ ಬೀರು ಅಂತ ಎಲ್ಲರೂ ಹೇಳುವ ಹೋಲಿಕೆ ಶುರು ಮಾಡಿದೆ, ಅವರಿಗೆ ರುಚಿಸಲಿಲ್ಲ. ಕಿಟಕಿಯಾಚೆ ಟಾರ್ಪಾಲು ಹೊದ್ದ ನಮ್ಮ ಕಣ ಕಂಡಿತು. ಸಾಕಾಯಿತು.

ರ‍್ಯಾಮ್ ಅಂದರೆ ಕಾಫಿ ಒಣಗಿಸುವ ಕಣ. ಕೆಲಸ ಎಲ್ಲ ಅಲ್ಲೇ. ಹಾರ್ಡ್ ಡಿಸ್ಕ್ ಅಂದರೆ ಗೋದಾಮು. ಚೀಲ ಅಲ್ಲಿರುತ್ತದೆ, ಆದರೆ ಅಲ್ಲಿ ಯಾರೂ ಕಾಫಿ ಹರವುವುದಿಲ್ಲ. ಗೋದಾಮು ತುಂಬಿದೆ ಅಂತ ಕಣಕ್ಕೆ ಇನ್ನಷ್ಟು ಸಿಮೆಂಟು ಹಾಕಿಸಿದ ಹಾಗಾಯಿತು ನನ್ನ ಕೆಲಸ. "ಸರಿ, ಕಣ ಸಣ್ಣದಾದರೆ?" ಅಂದರು ಅಪ್ಪ. ಹರವಿದ್ದರಲ್ಲಿ ಸ್ವಲ್ಪ ಬಾಚಿ ಗೋದಾಮಿಗೆ ಹಾಕಿ, ಬೇಕಾದಾಗ ಮತ್ತೆ ಹೊತ್ತು ತರುವುದು. ಪೇಜ್ ಫೈಲ್ ಮಾಡುವುದು ಇದನ್ನೇ. 4 ಜಿಬಿ ಇದ್ದಾಗ ಡಿಸ್ಕ್ ಸದಾ ಶೇಕಡಾ 100 ಕೆಲಸದಲ್ಲಿದೆ ಅಂತ ತೋರಿಸುತ್ತಿದ್ದದ್ದರಲ್ಲಿ ಈ ಹೊರೆ ದೊಡ್ಡ ಪಾಲು.

ಆ ಓಡಾಟ ಎಷ್ಟು ದೂರದ್ದು ಗೊತ್ತಾ? ಈ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಬೇಕಾದ ಜಾಗ ಡಿಸ್ಕನ್ನು ಓದುವ ಮುಳ್ಳಿನ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ 5.5 ಮಿಲಿಸೆಕೆಂಡ್. ಮುಳ್ಳು ಸರಿದಾಡುವ ಹೊತ್ತೂ ಸೇರಿದರೆ 15 ಅನ್ನಿ. ರ‍್ಯಾಮ್‌ಗೆ ಸುಮಾರು 100 ನ್ಯಾನೋಸೆಕೆಂಡ್ ಸಾಕು. ರ‍್ಯಾಮ್‌ನ ಕೆಲಸ ಒಂದು ಸೆಕೆಂಡ್ ಅಂತ ಇಟ್ಟುಕೊಂಡರೆ ಡಿಸ್ಕಿನದು ಒಂದೂವರೆ ದಿನಕ್ಕಿಂತ ಜಾಸ್ತಿ. ನಮ್ಮ ಕಣದಿಂದ ಗೋದಾಮು ಇಪ್ಪತ್ತು ಹೆಜ್ಜೆ, ಇಲ್ಲಿ ಹೋಲಿಕೆ ಸ್ವಲ್ಪ ಕುಂಟುತ್ತದೆ.

ನನ್ನನ್ನು ಕೇಳಿದರೆ ಅರ್ಧ ತಪ್ಪು 'ಮೆಮೊರಿ' ಅನ್ನುವ ಮಾತಿನದ್ದೇ. ಮೊಬೈಲಿಗೆ ಹಾಕುವ ಮೆಮೊರಿ ಕಾರ್ಡ್ ನಿಜಕ್ಕೂ ಗೋದಾಮು, ಕಣ ಅಲ್ಲ. ಆದರೆ ನಾವೆಲ್ಲ ಆ ಮಾತು ಕಲಿತದ್ದು ಆ ಕಾರ್ಡಿನಿಂದಲೇ ಅಲ್ವಾ?

ಜೂನ್ 24

ಗೋದಾಮು ಗುಡಿಸುವ ಕೆಲಸ. 500 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ 465 ಅಂತ ತೋರಿಸುತ್ತದೆ. ಅಪ್ಪ ನಕ್ಕು, "ಔಟ್‌ಟರ್ನ್ ಕಮ್ಮಿ ಬಂತು" ಅಂದರು. ಒಣಗಿದ ಕಾಫಿಯಿಂದ ಸಿಗುವ ಬೀಜದ ಪಾಲು ಅದು. ಕಾಫಿಯಲ್ಲಾದರೆ ಸಿಪ್ಪೆ ಹೋಗುತ್ತದೆ, ಇಲ್ಲಿ ಏನೂ ಹೋಗಿಲ್ಲ. ಅಳತೆ ಬೇರೆ ಅಷ್ಟೇ. ಡಿಸ್ಕ್ ಮಾಡುವವರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಆ 465ರಲ್ಲಿ ಸಿ ಡ್ರೈವ್‌ಗೆ ಬರೀ 97, ಮಿಕ್ಕದ್ದೆಲ್ಲ ಡಿ. ಡಿ ಹೆಚ್ಚುಕಮ್ಮಿ ಖಾಲಿ! ಅಪ್ಪ ಸಿಕ್ಕಿದ್ದೆಲ್ಲವನ್ನೂ ಡೆಸ್ಕ್‌ಟಾಪ್ ಮೇಲೆ ಇಡುತ್ತಾರೆ, ಡೆಸ್ಕ್‌ಟಾಪ್ ಇರುವುದು ಸಿಯಲ್ಲಿ. ಮದುವೆ ವಿಡಿಯೋ, ಗುಡ್ ಮಾರ್ನಿಂಗ್ ಚಿತ್ರ, ಒಂದೇ ಪಹಣಿಯ ಹನ್ನೊಂದು ಪ್ರತಿ. ಎಲ್ಲ ಡಿಗೆ ಸಾಗಿಸಿ ಹೈಬರ್ನೇಟ್ ಆಫ್ ಮಾಡಿದೆ. 41 ಜಿಬಿ ಖಾಲಿ. ಖರ್ಚು ಸೊನ್ನೆ.

ಜೂನ್ 25

ಸಂಜೆ ಈ ದಿನಚರಿಯ ಎರಡು ಪ್ಯಾರಾ ನೋಟ್‌ಪ್ಯಾಡಿನಲ್ಲಿ ಬರೆದಿದ್ದೆ. ಸೇವ್ ಮಾಡಿರಲಿಲ್ಲ, ಅಂದರೆ ಅವು ರ‍್ಯಾಮ್‌ನಲ್ಲೇ ಇದ್ದವು. ಕರೆಂಟ್ ಹೋಯಿತು, ಎರಡು ಪ್ಯಾರಾವೂ ಹೋದವು.

ರ‍್ಯಾಮ್‌ನ ಒಂದೊಂದು ಬಿಟ್‌ಗೂ, ಅಂದರೆ ಒಂದೊಂದು 0 ಅಥವಾ 1ಕ್ಕೂ, ಸ್ವಿಚ್ಚಿನಂಥ ಒಂದು ಟ್ರಾನ್ಸಿಸ್ಟರ್, ಚಾರ್ಜು ಹಿಡಿದಿಡುವ ಒಂದು ಪುಟ್ಟ ಕೆಪಾಸಿಟರ್. 1966ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಯೋಚಿಸಿದ ಉಪಾಯ ಇದು. 1968ರಲ್ಲಿ ಪೇಟೆಂಟ್ ಸಿಕ್ಕಿತು. ಕೆಪಾಸಿಟರ್ ತೂತಾದ ಬಿಂದಿಗೆಯ ಹಾಗೆ, ಚಾರ್ಜು ಸೋರುತ್ತಲೇ ಇರುತ್ತದೆ. ಅದಕ್ಕೇ 64 ಮಿಲಿಸೆಕೆಂಡಿನೊಳಗೆ ಎಲ್ಲವನ್ನೂ ಒಮ್ಮೆ ಓದಿ ಮತ್ತೆ ತುಂಬಬೇಕು. ಕರೆಂಟ್ ನಿಂತರೆ ತುಂಬುವವರಿಲ್ಲ. ಡಿಸ್ಕಿನಲ್ಲಿ ಇರುವುದು ಕಾಂತದ ಗುರುತು, ಅದಕ್ಕೆ ಕರೆಂಟಿನ ಹಂಗಿಲ್ಲ. ಮೇಲಿನ ಭಾಗಗಳನ್ನು ಮೇಣದಬತ್ತಿ ಬೆಳಕಲ್ಲಿ ಕಾಗದದ ಮೇಲೆ ಮತ್ತೆ ಬರೆದೆ.

ಜುಲೈ 2

ಜಾಗ ಸಿಕ್ಕಿತು, ಆದರೆ ಆನ್ ಆಗಲು ಈಗಲೂ 3 ನಿಮಿಷ ಬೇಕು. ತಿರುಗುವ ಡಿಸ್ಕನ್ನೇ ತೆಗೆದು, ತಿರುಗುವ ಭಾಗವೇ ಇಲ್ಲದ, ಚಿಪ್ಪಿನಲ್ಲೇ ಬರೆದಿಡುವ 240 ಜಿಬಿ ಎಸ್‌ಎಸ್‌ಡಿ ಕೂರಿಸಿ, ವಿಂಡೋಸ್ ಹೊಸದಾಗಿ ಹಾಕಿದೆ. 223 ಅಂತ ತೋರಿಸಿತು, ಈ ಸಲ ಯಾರೂ ಗಾಬರಿಯಾಗಲಿಲ್ಲ. ಬಟನ್‌ನಿಂದ ಬ್ರೌಸರ್‌ಗೆ 34 ಸೆಕೆಂಡ್.

ಅಪ್ಪನ ಪ್ರಶ್ನೆ ಚೆನ್ನಾಗಿತ್ತು: "ಅದೂ ಚಿಪ್ಪು, ಇದೂ ಚಿಪ್ಪು. ಕರೆಂಟ್ ಹೋದರೆ ಇದೂ ಖಾಲಿಯಾಗುತ್ತಾ?" ಆಗುವುದಿಲ್ಲ. ಇದು ಫ್ಲ್ಯಾಶ್. ಇದರಲ್ಲೂ ಇರುವುದು ಚಾರ್ಜೇ, ಆದರೆ ಸುತ್ತ ಕರೆಂಟ್ ಹರಿಯದ ಪದರ ಇರುವುದರಿಂದ ಹೊರಗೆ ಸೋರಲು ವರ್ಷಗಳೇ ಬೇಕು. ಅಪ್ಪ ನಂಬಲಿಲ್ಲ. ಒಂದು ಫೈಲ್ ಸೇವ್ ಮಾಡಿಸಿ, ಪ್ಲಗ್ ಕಿತ್ತು, ಮತ್ತೆ ಆನ್ ಮಾಡಿ ತೋರಿಸಿದ ಮೇಲೆ ತಲೆಯಾಡಿಸಿದರು.

ಜುಲೈ 5

ಹಳೆಯ ಡಿಸ್ಕನ್ನು ಎಸೆಯುವುದಿಲ್ಲ. ಡಿವಿಡಿ ಡ್ರೈವ್ ತೆಗೆದು, ಆ ಜಾಗಕ್ಕೆ ಕ್ಯಾಡಿ ಅನ್ನುವ ಚೌಕಟ್ಟು ಹಾಕಿ ಅದರಲ್ಲಿ ಕೂರಿಸುವ ಯೋಚನೆ. ಕ್ಯಾಡಿಯಲ್ಲಿ 9.5 ಮತ್ತು 12.7 ಮಿಲಿಮೀಟರ್ ದಪ್ಪದವು ಸಿಗುತ್ತವೆ. ಈ ಸಲ ಮೊದಲು ಸ್ಕೇಲ್ ಹಿಡಿದು ಅಳೆದೆ: 9.5. ಆರ್ಡರ್ ಮಾಡಿದ್ದೇನೆ, ಇನ್ನೂ ಬಂದಿಲ್ಲ.

ಅಲ್ಲಿಯ ತನಕ ಡಿಸ್ಕಿಗೆ ತೇವ ತಾಗಬಾರದು. ಅಮ್ಮ ಒಲೆ ಮೇಲಿನ ಅಟ್ಟದಲ್ಲಿಡು ಅಂದರು, ಬೇಡ ಅಂದೆ. ಈಗ ಅದು ಬಟ್ಟೆ ಸುತ್ತಿಕೊಂಡು, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಕೂತಿದೆ. ಡಬ್ಬದ ಮೇಲೆ ಅಪ್ಪನೇ ಚೀಟಿ ಅಂಟಿಸಿದ್ದಾರೆ: 'ಗೋದಾಮು. ಮುಟ್ಟಬೇಡಿ.'