ಅವರೆಕಾಯಿ ಕಾಲದ ಇಂಟರ್‌ವ್ಯೂ

ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಅಮ್ಮ ಹಿತಕುತ್ತಾ ಕೂತಿದ್ದಳು. ಹೆಬ್ಬೆರಳು, ತೋರುಬೆರಳ ನಡುವೆ ಕಾಳಿಟ್ಟು ಒಂದು ಸಲ ಒತ್ತಿದರೆ ಸಾಕು, ಬೇಳೆ ಪುಳಕ್ಕನೆ ಬಟ್ಟಲಿಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಎದುರಿಗೆ ನಾನು ಕುರ್ಚಿ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ.

"ಹೇಳು, ಬ್ಯಾಂಕ್ ಕೆಲಸ ಯಾಕೆ ಬೇಕು ನಿಂಗೆ?"

ಬಾಯಿಪಾಠ ಮಾಡಿಟ್ಟುಕೊಂಡಿದ್ದನ್ನು ಶುರು ಮಾಡಿದೆ. ಎರಡನೇ ವಾಕ್ಯಕ್ಕೇ ಅಮ್ಮ ತಡೆದಳು.

"ಇದು ನೀನು ಹೇಳ್ತಿಲ್ಲ ಕಣೆ, ಪುಸ್ತಕ ಹೇಳ್ತಿದೆ. ಇನ್ನೊಂದ್ಸಲ ಹೇಳು."

ಅದು ಜನವರಿ ತಿಂಗಳು. ಸರ್ಕಾರಿ ಬ್ಯಾಂಕುಗಳ ಅಧಿಕಾರಿ ಹುದ್ದೆಗೆ ನಡೆಯುವ ಐಬಿಪಿಎಸ್ ಪಿಒ ಪರೀಕ್ಷೆಯ ಪ್ರಿಲಿಮ್ಸ್, ಮೇನ್ಸ್ ಎರಡೂ ದಾಟಿ ಸಂದರ್ಶನಕ್ಕೆ ಕರೆ ಬಂದಿತ್ತು. ಕೈಯಲ್ಲಿ 18 ದಿನ. ಕೊನೆಯ ಪಟ್ಟಿಗೆ ಮೇನ್ಸ್‌ನ ಅಂಕ 80, ಸಂದರ್ಶನದ್ದು 20ರ ಲೆಕ್ಕದಲ್ಲಿ ಸೇರುತ್ತದೆ. 20 ಅಂದರೆ ಕಮ್ಮಿ ಅನಿಸಬಹುದು. ಆದರೆ ಸಂದರ್ಶನದಲ್ಲಿ 100ಕ್ಕೆ 40, ಎಸ್‌ಸಿ, ಎಸ್‌ಟಿ, ಒಬಿಸಿ, ಅಂಗವಿಕಲರಿಗೆ 35, ಬರಲೇಬೇಕು. ಬರದಿದ್ದರೆ ಮೇನ್ಸ್‌ನಲ್ಲಿ ಎಷ್ಟು ತೆಗೆದಿದ್ದರೂ ಅಲ್ಲಿಗೆ ಮುಗಿಯಿತು.

ನನಗೆ ಹೆದರಿಕೆ ಇದ್ದದ್ದು ಪ್ರಶ್ನೆಗಳದ್ದಲ್ಲ, ನನ್ನ ಬಾಯಿಯದ್ದು. ಹಿಂದಿನ ವರ್ಷ ಒಂದು ಖಾಸಗಿ ಕಂಪನಿಯ ಸಂದರ್ಶನಕ್ಕೆ ಹೋಗಿದ್ದೆ. ನಿಮ್ಮ ಬಗ್ಗೆ ಹೇಳಿ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಮೂರು ಸಾಲು ಸರಾಗವಾಗಿ ಬಂತು. ನಾಲ್ಕನೇ ಸಾಲಿನ ಮೊದಲ ಪದ ನೆನಪಾಗಲಿಲ್ಲ. ಅದೊಂದು ಸಿಗದೆ ಮುಂದಿನದೆಲ್ಲ ಮಾಯವಾಯಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಎದುರಿಗಿದ್ದ ಮೇಡಂ ನೀರಿನ ಲೋಟ ಮುಂದಕ್ಕೆ ಸರಿಸಿದರು, ಪಾಪ. ಎತ್ತಿದರೆ ಕೈ ನಡುಗುವುದು ಕಾಣುತ್ತದಲ್ಲ ಅಂತ ನಾನು ಕುಡಿಯಲಿಲ್ಲ. ಐದು ನಿಮಿಷಕ್ಕೆ ಹೊರಗೆ ಬಂದೆ. ತಿಪಟೂರಿನ ತನಕ ರೈಲಿನಲ್ಲಿ ಕಿಟಕಿ ಕಡೆಗೇ ಮುಖ ಮಾಡಿ ಕೂತಿದ್ದೆ.

ಹಾಗಾಗಿ ಈ ಸಲ ಕರೆ ಬಂದಾಗ ಖುಷಿಗಿಂತ ಮೊದಲು ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಅಕ್ಕ ನರ್ಸ್. ಫೋನಿನಲ್ಲಿ ಅವಳ ಹತ್ತಿರ ಅತ್ತುಬಿಟ್ಟೆ. "ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಜಾಸ್ತಿ ಆಗುತ್ತೆ. ಎದೆ ಹೊಡ್ಕೊಳ್ಳುತ್ತೆ, ಅಂಗೈ ಬೆವರುತ್ತೆ, ಬಾಯಿ ಒಣಗುತ್ತೆ. ಎಲ್ಲರಿಗೂ ಹೀಗೇ ಆಗೋದು. ನಿಂಗೇನೂ ಕಾಯಿಲೆ ಇಲ್ಲ" ಅಂದಳು. ಆಮೇಲೆ ಉಸಿರಾಟ ಹೇಳಿಕೊಟ್ಟಳು. ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ ಎಳೆದುಕೊಳ್ಳುವುದು, ಆರು ಎಣಿಸುವಷ್ಟು ಹೊತ್ತು ಹೊರಗೆ ಬಿಡುವುದು. ಉಸಿರು ಬಿಡುವಾಗ ಎದೆಬಡಿತ ತಾನಾಗಿಯೇ ನಿಧಾನವಾಗುತ್ತದಂತೆ. "ಆ ದಿನ ಮಾತ್ರ ಮಾಡಿದ್ರೆ ಆಗಲ್ಲ, ಇವತ್ತಿಂದಲೇ ದಿನಾ ಮಲಗೋ ಮುಂಚೆ ಮಾಡು" ಅಂದಳು. ಮಾಡಿದೆ.

ಮೊದಲ ನಾಲ್ಕು ದಿನ ಬರೀ ಓದಿದೆ. ರೆಪೊ ದರ ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಸಿಆರ್‌ಆರ್ ಅಂದರೆ ಬ್ಯಾಂಕುಗಳು ಅದರ ಹತ್ತಿರ ಇಡಲೇಬೇಕಾದ ಠೇವಣಿಯ ಪಾಲು, 1969ರ ಜುಲೈ 19ಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣ, 1980ರಲ್ಲಿ ಇನ್ನೂ 6. ನಮ್ಮ ಕರ್ನಾಟಕದಲ್ಲಿ ಹುಟ್ಟಿದ ಬ್ಯಾಂಕುಗಳು ಯಾವುವು, ಯಾವುದು ಯಾವುದರಲ್ಲಿ ವಿಲೀನವಾಯಿತು. ನೋಟ್‌ಬುಕ್ ತುಂಬಿತು. ಕನ್ನಡಿ ಮುಂದೆ ನಿಂತು ಹೇಳಲು ಹೋದರೆ ಮಾತ್ರ ಹಳೆಯ ಕಥೆಯೇ. ಕಣ್ಣಿಗೆ ಗೊತ್ತಿದ್ದದ್ದು ನಾಲಿಗೆಗೆ ಗೊತ್ತಿರಲಿಲ್ಲ.

ಐದನೇ ದಿನ ಅಮ್ಮ ತಾನೇ ಕರೆದಳು. "ಬಾ, ನಂಗೆ ಹೇಳು. ನಾನು ಕೇಳ್ತೀನಿ."

ಅಮ್ಮ ಓದಿದ್ದು ಏಳನೇ ಕ್ಲಾಸು. ಆದರೆ ನಮ್ಮೂರಿನ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಅವಳ ಕೈಯಲ್ಲೇ ಇರುವುದು. ವಾರ ವಾರ ಉಳಿತಾಯ ಎಷ್ಟು ಬಂತು, ಯಾರಿಗೆ ಎಷ್ಟು ಸಾಲ ಹೋಯಿತು, ಯಾರ ಕಂತು ನಿಂತಿದೆ, ಎಲ್ಲ ಅವಳ ಬಾಯಲ್ಲೇ ಇದೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಹಾಗಾಗಿ ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಲೇಬೇಕಾಯಿತು. ಹೇಳುತ್ತಾ ಹೋದ ಹಾಗೆ ನನಗೆ ಏನು ಅರ್ಥವಾಗಿದೆ, ಏನು ಬರೀ ಬಾಯಿಗೆ ಬಂದಿದೆ ಅಂತ ಗೊತ್ತಾಗುತ್ತಿತ್ತು.

ಎನ್‌ಪಿಎ ಅಂದರೇನು ಅಂತ ಹೇಳಿದೆ. ಸಾಲದ ಕಂತೋ ಬಡ್ಡಿಯೋ 90 ದಿನ ದಾಟಿದರೂ ಬರದಿದ್ದರೆ ಅದು ಎನ್‌ಪಿಎ. ಅಮ್ಮನ ಕೈ ನಿಂತಿತು.

"ತೆಂಗಿನವರು ಮೂರು ತಿಂಗಳಿಗೆ ಎಲ್ಲಿಂದ ತರ್ತಾರೆ? ಕಾಯಿ ಇನ್ನೂ ಅಟ್ಟದಲ್ಲೇ ಇರುತ್ತಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಹುಡುಕಿ ಓದಿದೆ. ಬೆಳೆ ಸಾಲಕ್ಕೆ ಈ 90 ದಿನದ ಲೆಕ್ಕ ಇಲ್ಲ, ಹಂಗಾಮಿನ ಲೆಕ್ಕ. ಬೇಗ ಬರುವ ಬೆಳೆಗೆ ಎರಡು ಹಂಗಾಮು, ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯುವ ಬೆಳೆಗೆ ಒಂದು ಹಂಗಾಮು. ಬೆಳಗ್ಗೆ ಹೇಳಿದಾಗ ಅಮ್ಮ "ಹಂಗೆ ಹೇಳು ಮತ್ತೆ" ಅಂದಳು.

ದಿನಾ ಸಂಜೆ ಒಂದು ಗಂಟೆ ಇದೇ ಆಯಿತು. ಮೊದಲು ಅಮ್ಮನಿಗೆ ಕನ್ನಡದಲ್ಲಿ, ಆಮೇಲೆ ಅದನ್ನೇ ಮೂರು ನಾಲ್ಕು ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ, ಜೋರಾಗಿ. ಪದ ಮರೆತರೆ ಬೇರೆ ಪದ. ಗೊತ್ತಿಲ್ಲದ್ದಕ್ಕೆ "ಸಾರಿ ಸರ್, ಐ ಡೋಂಟ್ ನೋ" ಅನ್ನುವುದನ್ನೂ ಹೇಳಿ ಹೇಳಿ ರೂಢಿ ಮಾಡಿಕೊಂಡೆ. ತಲೆ ತಗ್ಗಿಸದೆ ಅದನ್ನು ಹೇಳುವುದಕ್ಕೇ ನನಗೆ ಜಾಸ್ತಿ ದಿನ ಹಿಡಿದದ್ದು.

ಹಿಂದಿನ ದಿನವೇ ಬೆಂಗಳೂರಿಗೆ ಹೋಗಿ ಯಶವಂತಪುರದ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಬೆಳಗ್ಗೆ ಎರಡು ಇಡ್ಲಿಗಿಂತ ಹೆಚ್ಚು ಇಳಿಯಲಿಲ್ಲ. ದಾಖಲೆ ಪರಿಶೀಲನೆ ಮುಗಿದ ಮೇಲೆ ಒಂದು ದೊಡ್ಡ ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿಕೊಳ್ಳುತ್ತಿದ್ದರು. ನನಗೆ ಗೊತ್ತಿಲ್ಲದ್ದೇ ಕಿವಿಗೆ ಬೀಳುತ್ತಿತ್ತು, ಅಂಗೈ ಒದ್ದೆಯಾಗತೊಡಗಿತು. ಎದ್ದು ಮೆಟ್ಟಿಲ ಹತ್ತಿರ ಹೋಗಿ ನಿಂತೆ. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ.

ಒಳಗೆ ನಾಲ್ಕು ಜನ. ಬಾಯಿ ಒಣಗಿಯೇ ಇತ್ತು. ಕೂತ ತಕ್ಷಣ "ನೀರು ಕುಡಿಯಬಹುದಾ ಸರ್?" ಅಂತ ಕೇಳಿ ಕುಡಿದೆ. ಕೈ ನಡುಗಿತು. ಅವರು ನೋಡಿರಬಹುದು. ನೋಡಲಿ ಅನಿಸಿತು.

ತಿಪಟೂರು ಅಂದ ಕೂಡಲೇ ಕೊಬ್ಬರಿ ಬಗ್ಗೆ ಕೇಳಿದರು. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ 8ರಿಂದ 12 ತಿಂಗಳು ಬಿಡುತ್ತೇವೆ, ನೀರು ಇಂಗಿ ಒಳಗಿನ ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ, ಅಲ್ಲಾಡಿಸಿದರೆ ಒಳಗೆ ಗಟಗಟ ಅನ್ನುತ್ತದೆ, ಅದೇ ಉಂಡೆ ಕೊಬ್ಬರಿ ಅಂದೆ. ಹೇಳುವಾಗ ನನ್ನ ಕೈ ತಾನಾಗಿಯೇ ಕಿವಿ ಹತ್ತಿರ ಹೋಗಿ ಕಾಯಿ ಅಲ್ಲಾಡಿಸುತ್ತಿತ್ತು. ಒಬ್ಬರು ನಕ್ಕು ಮುಂದಕ್ಕೆ ಬಾಗಿದರು. "ಅಷ್ಟು ತಿಂಗಳು ದುಡ್ಡು ಅಟ್ಟದಲ್ಲಿದ್ದರೆ ಸಾಲ ಹೇಗೆ ತೀರಿಸ್ತಾರೆ?"

ಒಂದು ನಿಮಿಷ ಕೊಡಿ ಸರ್ ಅಂದೆ. ಅಮ್ಮನಿಗೆ ಹೇಳುವ ಹಾಗೆ ಮನಸ್ಸಿನಲ್ಲೇ ಕನ್ನಡದಲ್ಲಿ ಜೋಡಿಸಿಕೊಂಡೆ. ತಿಂಗಳ ಕಂತು ಅವರಿಗೆ ಹೊಂದುವುದಿಲ್ಲ, ಕೊಬ್ಬರಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಕಂತು ಇರಬೇಕು ಅಂದೆ. ಹಂಗಾಮಿನ ಲೆಕ್ಕವನ್ನೂ ಹೇಳಿದೆ. ವ್ಯಾಕರಣ ಎರಡು ಕಡೆ ತಪ್ಪಿತು, ನಿಲ್ಲಲಿಲ್ಲ. ಆಮೇಲೆ ಬಾಸೆಲ್ ನಿಯಮದ ಮೇಲೆ, ಅಂದರೆ ಬ್ಯಾಂಕುಗಳು ಎಷ್ಟು ಬಂಡವಾಳ ಇಟ್ಟುಕೊಳ್ಳಬೇಕು ಅನ್ನುವ ಅಂತರರಾಷ್ಟ್ರೀಯ ನಿಯಮದ ಮೇಲೆ, ಎರಡು ಪ್ರಶ್ನೆ ಬಂತು. ಎರಡಕ್ಕೂ ಗೊತ್ತಿಲ್ಲ ಸರ್ ಅಂದೆ, ಅವರ ಮುಖ ನೋಡಿಕೊಂಡೇ.

ಸುಮಾರು ಹದಿನೈದು ನಿಮಿಷ. ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ.

"ಬಾಯಿ ಒಣಗ್ತಾ?"

"ಒಣಗ್ತಮ್ಮ. ಆದ್ರೂ ಮಾತಾಡ್ದೆ."

ಅಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಸರಿ, ಊಟ ಮಾಡ್ಕೊಂಡು ರೈಲು ಹತ್ತು. ಸಂಜೆ ಸಂಘದ ಮೀಟಿಂಗಿದೆ. ಆ 90 ದಿನದ ವಿಷಯ ನೀನೇ ಬಂದು ಎಲ್ಲರಿಗೂ ಹೇಳು" ಅಂದಳು.