ಅಂಚೆಯಣ್ಣ ಕಟ್ಟಿದ ಅರಮನೆ

ಫ್ರಾನ್ಸಿನ ಲಿಯೋನ್ ನಗರದಿಂದ ದಕ್ಷಿಣಕ್ಕೆ ಕಾರಿನಲ್ಲಿ ಗಂಟೆ ಮೇಲೆ ಸ್ವಲ್ಪ ಹೊತ್ತು ಹೋದರೆ ಓಟ್‌ರೀವ್ ಸಿಗುತ್ತದೆ. ಡ್ರೋಮ್ ಜಿಲ್ಲೆಯ ಪುಟ್ಟ ಊರು. ಸುತ್ತ ತಗ್ಗು ಗುಡ್ಡಗಳು, ಪಕ್ಕದಲ್ಲಿ ಗಲೋರ್ ಹೊಳೆ. ಅದು ಮುಂದೆ ರೋನ್ ನದಿ ಸೇರುತ್ತದೆ. ಈ ಸೀಮೆಯ ಹಳೇ ಗೋಡೆಗಳಲ್ಲಿ ನುಣುಪಾದ ಗುಂಡುಕಲ್ಲುಗಳನ್ನು ಸಾಲಾಗಿ ಕೂರಿಸಿರುತ್ತಾರೆ. ನಾನು ಅವನ್ನೇ ನೋಡುತ್ತ ನಿಂತಿದ್ದೆ. "ಬಾರೇ, ಅರಮನೆ ಬಾಗಿಲು ಹಾಕ್ಬಿಡ್ತಾರೆ" ಅಂತ ಗೆಳತಿ ಎಳೆದುಕೊಂಡು ಹೋದಳು.

ಅರಮನೆ ಅಂದರೆ ರಾಜ ಕಟ್ಟಿಸಿದ್ದಲ್ಲ. ಕಟ್ಟಿದವನು ಪೋಸ್ಟ್‌ಮ್ಯಾನ್ ಫರ್ಡಿನಾಂಡ್ ಶೆವಾಲ್. 1879ರಲ್ಲಿ ಟಪಾಲು ಹಂಚುವ ದಾರಿಯಲ್ಲಿ ಒಂದು ಕಲ್ಲು ಎಡವಿದ. ಅದರ ಆಕಾರ ಹಿಡಿಸಿತು, ಜೇಬಿಗೆ ಹಾಕಿಕೊಂಡ. ಮಾರನೇ ದಿನ ಇನ್ನಷ್ಟು ಸಿಕ್ಕವು. ದಿನಕ್ಕೆ ಸುಮಾರು 30 ಕಿಲೋಮೀಟರ್ ನಡೆಯುವ ಕೆಲಸ ಬೇರೆ! ಜೇಬು ಸಾಲದೆ ಬುಟ್ಟಿ, ಬುಟ್ಟಿ ಸಾಲದೆ ಒಂದೇ ಗಾಲಿಯ ತಳ್ಳುಗಾಡಿ. ರಾತ್ರಿ ದೀಪ ಇಟ್ಟುಕೊಂಡು ಕಟ್ಟುತ್ತಿದ್ದ. ಊರವರು ಹುಚ್ಚ ಅಂದರು. ಮುಗಿದಿದ್ದು 1912ರಲ್ಲಿ. 'ಒಬ್ಬನೇ ಮನುಷ್ಯನ ಕೆಲಸ' ಅಂತ ಗೋಡೆಯ ಮೇಲೆ ತಾನೇ ಬರೆದಿಟ್ಟಿದ್ದಾನೆ. ಆ ಗಾಡಿಗೂ ಒಳಗೆ ಜಾಗ ಕೊಟ್ಟಿದ್ದಾನೆ.

ನನಗೆ ಕುತೂಹಲ ಇದ್ದದ್ದು ಪಶ್ಚಿಮದ ಗೋಡೆ. ಅಲ್ಲಿ ಮಸೀದಿ, ಸ್ವಿಸ್ ಮನೆಗಳ ಜೊತೆ ಒಂದು ಹಿಂದೂ ದೇವಸ್ಥಾನವೂ ಇದೆ. ಇಂಡಿಯಾ ಕಂಡವನಲ್ಲ, ಹಂಚಲು ಬಂದ ಪೋಸ್ಟ್‌ಕಾರ್ಡು, ಚಿತ್ರಗಳಿದ್ದ ಪತ್ರಿಕೆ ನೋಡಿ ಕಲ್ಪಿಸಿಕೊಂಡದ್ದು. ಹೆಸರು ಬರೆಯದಿದ್ದರೆ ಅದು ದೇವಸ್ಥಾನ ಅಂತ ನನಗಂತೂ ಹೊಳೆಯುತ್ತಿರಲಿಲ್ಲ. ಆದರೂ ಖುಷಿಯಾಯಿತು, ಸುಳ್ಳೇಕೆ? ಪೂರ್ವದ ಕಡೆ ಸೀಸರ್, ಅವನ ವಿರುದ್ಧ ಹೋರಾಡಿದ ಗಾಲ್ ಜನರ ನಾಯಕ ವರ್ಸಿಂಜೆಟೋರಿಕ್ಸ್, ಆರ್ಕಿಮಿಡೀಸ್ ಕಡ್ಡಿಯಂಥ ದೈತ್ಯರಾಗಿ ನಿಂತಿದ್ದಾರೆ. ಆ ಮೂವರನ್ನು ಯಾಕೆ ಒಟ್ಟಿಗೆ ನಿಲ್ಲಿಸಿದನೋ!

ಸಂಸ್ಕೃತಿ ಇಲಾಖೆಯಲ್ಲೇ ಇದನ್ನು ಅಸಹ್ಯ ಅಂದವರಿದ್ದರು. ಮಂತ್ರಿಯಾಗಿದ್ದ ಆಂದ್ರೆ ಮಾಲ್ರೋ ಪಟ್ಟು ಬಿಡಲಿಲ್ಲ. 1969ರಲ್ಲಿ ಅದು ರಾಷ್ಟ್ರದ ಸ್ಮಾರಕಗಳ ಪಟ್ಟಿಗೆ ಸೇರಿತು.

ಅರಮನೆಯಲ್ಲೇ ಮಣ್ಣಾಗಬೇಕು ಅಂತ ಶೆವಾಲ್‌ನ ಆಸೆ. ಅನುಮತಿ ಸಿಗಲಿಲ್ಲ. 78ರ ವಯಸ್ಸಿನಲ್ಲಿ ಮತ್ತೆ ಕಲ್ಲು ಹೊತ್ತು, ಊರ ಸ್ಮಶಾನದಲ್ಲಿ 8 ವರ್ಷ ತನ್ನ ಸಮಾಧಿ ಕಟ್ಟಿದ. 1924ರಲ್ಲಿ ತೀರಿಕೊಂಡ. ಗೆಳತಿಗೆ ಅರಮನೆಯೇ ಮೇಲು. ನನಗೆ ಸಮಾಧಿ ಹಿಡಿಸಿತು. ಅರಮನೆಯಲ್ಲಿ ಕಂಡದ್ದನ್ನೆಲ್ಲ ತುರುಕಿದ್ದಾನೆ. ಇಲ್ಲಿ ಕೈ ಪಳಗಿದೆ, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗಿದೆ. ಟಿಕೆಟ್ಟೂ ಇಲ್ಲ.