‘ಸೀದಾ ರೊಕ್ಕಾ ಕೊಟ್ಟರ ಆಗ್ತಿರಲಿಲ್ಲೇನ್ರಿ, ಓಡೂದ್ಯಾಕ?’

ಚಾರಿಟಿ ಓಟ ಅಂದ ಕೂಡಲೇ ಹುಬ್ಬಳ್ಳಿ-ಧಾರವಾಡದ ಮಂದಿ ಕೇಳುವುದು ಇದನ್ನೇ. ಡಯಾಲಿಸಿಸ್ ಯಂತ್ರಕ್ಕೋ, ಕಿವುಡ ಮಕ್ಕಳ ಶಾಲೆಗೋ ರೊಕ್ಕ ಕೂಡಿಸಬೇಕೆಂದು ಒಂದು ಭಾನುವಾರ ಬೆಳಿಗ್ಗೆ ಐದೋ ಹತ್ತೋ ಕಿಲೋಮೀಟರ್ ಓಟ ಇಟ್ಟಿರುತ್ತಾರೆ. ನೋಂದಣಿ ಶುಲ್ಕ ಐನೂರು ಅಂದರೆ ಸಾಕು, ಎದುರಿನವರ ಮುಖದಲ್ಲಿ ಒಂದು ನಗು ಬರುತ್ತದೆ. ‘ಅಲ್ರೀ, ರೊಕ್ಕಾನೂ ನಾವ ಕೊಡಬೇಕು, ಓಡೂದೂ ನಾವs? ಸೀದಾ ಅವರಿಗೇ ಕೊಟ್ಟರ ಆಗ್ತಿರಲಿಲ್ಲೇನು?’

ಆಗ್ತದ. ಕೊಡ್ರಿ. ಯಾರು ಬ್ಯಾಡ ಅಂದಾರ? ಓಟದ ಪೋಸ್ಟರಿನಲ್ಲೇ ಕ್ಯೂಆರ್ ಕೋಡ್ ಇರುತ್ತದೆ, ಅದರ ಕೆಳಗೆ ಖಾತೆ ನಂಬರೂ ಇರುತ್ತದೆ. ಫೋನ್ ಹೇಗೂ ನಿಮ್ಮ ಕೈಯಲ್ಲೇ ಇದೆ. ಇಷ್ಟು ಹೇಳಿದ ಮೇಲೆ ಮಾತು ಹವಾಮಾನದ ಕಡೆ ಹೊರಳುತ್ತದೆ. ಅಂದರೆ ಆ ಪ್ರಶ್ನೆ ಕೊಡುವ ದಾರಿ ಹುಡುಕುತ್ತಿರಲಿಲ್ಲ, ಕೊಡದೇ ಇರುವುದಕ್ಕೆ ಒಂದು ನೆಪ ಹುಡುಕುತ್ತಿತ್ತು.

ಇದೇ ಊರಿನಿಂದ ಮಂದಿ ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುತ್ತಾರೆ. ಯುಗಾದಿ ಹತ್ತಿರ ಬಂದರೆ ಹೆಗಲಿಗೆ ಚೀಲ ಹಾಕಿಕೊಂಡು ಶ್ರೀಶೈಲದ ಹಾದಿ ಹಿಡಿಯುತ್ತಾರೆ. ಉಳವಿಗೆ ಚಕ್ಕಡಿ ಕಟ್ಟುತ್ತಾರೆ. ‘ಮಲ್ಲಯ್ಯಗ ಮನಿಯಾರ್ಡರ್ ಮಾಡಿದ್ರ ಆಗ್ತಿರಲಿಲ್ಲೇನು, ನಡಿಯೂದ್ಯಾಕ?’ ಎಂದು ಅವರನ್ನು ಯಾರಾದರೂ ಕೇಳಿದ್ದಾರೆಯೇ? ಉಲ್ಟಾ, ಹಾದಿಯಲ್ಲಿ ನಿಂತು ಮಜ್ಜಿಗೆ ಕೊಡುತ್ತಾರೆ, ಕಾಲಿಗೆ ಎಣ್ಣೆ ಹಚ್ಚುತ್ತಾರೆ. ಒಂದು ಕಾರಣಕ್ಕೆ ಮೈ ದಣಿಸುವುದು ನಮಗೆ ಹೊಸದೇನಲ್ಲ. ಚಡ್ಡಿ ಹಾಕಿಕೊಂಡು, ಎದೆಗೆ ನಂಬರ್ ಹಚ್ಚಿಕೊಂಡು ದಣಿಸಿದರೆ ಮಾತ್ರ ನಗು ಬರುತ್ತದೆ.

ಕೆನಡಾದ ಟೆರಿ ಫಾಕ್ಸ್ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡ ಹುಡುಗ. 1980ರಲ್ಲಿ ಕೃತಕ ಕಾಲು ಹಾಕಿಕೊಂಡು 143 ದಿನಗಳಲ್ಲಿ 5,373 ಕಿ.ಮೀ. ಓಡಿದ. ದೇಶದ ಪ್ರತಿಯೊಬ್ಬರಿಂದ ಒಂದೊಂದು ಡಾಲರ್ ಕೇಳಿದ. ಅವನೂ ಮನೆಯಲ್ಲಿ ಕೂತು ಪತ್ರ ಬರೆಯಬಹುದಿತ್ತು. ಪತ್ರಕ್ಕೆ ಯಾರು ಕೊಡುತ್ತಿದ್ದರು ಅನ್ನುವುದೇ ನಿಮ್ಮ ಪ್ರಶ್ನೆಗೆ ಉತ್ತರ.

ಈಗ ರೊಕ್ಕದ ಮಾತು. ‘ನನ್ನ ಐನೂರು ರೂಪಾಯಿ ರೋಗಿಗೆ ಮುಟ್ಟತದೇನ್ರಿ?’ ಎಂದು ಅನುಮಾನದ ದನಿಯಲ್ಲಿ ಕೇಳುತ್ತಾರಲ್ಲ, ಅವರಿಗೆ ನೇರ ಉತ್ತರ: ಬಹಳ ಸಲ ಮುಟ್ಟುವುದಿಲ್ಲ. ಯಾರೋ ತಿಂದರು ಅಂತಲ್ಲ. ಲೆಕ್ಕಕ್ಕೆಂದು ಹಿಡಿಯಿರಿ: ಸಾವಿರ ಮಂದಿ, ತಲೆಗೆ 500. ಅದರಲ್ಲಿ ಟಿ-ಶರ್ಟಿಗೆ 180, ಪದಕಕ್ಕೆ 80, ಬಿಬ್ಬು (ಎದೆಗೆ ಹಚ್ಚುವ ನಂಬರಿನ ಚೀಟಿ), ಅದರ ಹಿಂದಿನ ಸಮಯ ಹಿಡಿಯುವ ಎಲೆಕ್ಟ್ರಾನಿಕ್ ಚಿಪ್ಪು ಮತ್ತು ಟೈಮಿಂಗಿಗೆ 90, ನಾಷ್ಟಾಕ್ಕೆ 60, ನೀರು-ಬಾಳೆಹಣ್ಣಿಗೆ 30. ಒಟ್ಟು 440 ಆಯಿತು. ಉಳಿದ ಅರವತ್ತರಂತೆ ಸಾವಿರ ಮಂದಿಯಿಂದ ಬರುವುದು ಅರವತ್ತು ಸಾವಿರ. ಪೆಂಡಾಲು, ಮೈಕು, ಆಂಬುಲೆನ್ಸು, ಬ್ಯಾರಿಕೇಡು, ತಾತ್ಕಾಲಿಕ ಶೌಚಾಲಯ ಎಲ್ಲ ಇದರಲ್ಲೇ ಆಗಬೇಕು. ನೀವು ಕೊಟ್ಟ ಶುಲ್ಕ ನಿಮ್ಮ ಮೈಮೇಲೆ, ನಿಮ್ಮ ಕೊರಳಲ್ಲಿ, ನಿಮ್ಮ ಹೊಟ್ಟೆಯಲ್ಲಿ ಇದೆ. ಶಾಲೆಗೋ ಆಸ್ಪತ್ರೆಗೋ ಹೋಗುವುದು ಪ್ರಾಯೋಜಕರು ಕೊಟ್ಟದ್ದು ಮತ್ತು ಓಡುವವರು ಬೇರೆಯಾಗಿ ಕೂಡಿಸಿ ತಂದದ್ದು. ‘ಖರ್ಚು ಕಳೆದು ಉಳಿದದ್ದನ್ನು ಕೊಡುತ್ತೇವೆ’ ಎಂದು ಬರೆದ ಪೋಸ್ಟರ್ ಕಂಡರೆ ಹುಷಾರು, ಉಳಿಯುವುದೇ ಇಲ್ಲ. ‘ಪ್ರತಿ ನೋಂದಣಿಗೆ ಇಷ್ಟು’ ಎಂದು ಮೊದಲೇ ಅಂಕಿ ಹಾಕಿದ ಓಟ ವಾಸಿ.

ಹೊರದೇಶದ ಪದ್ಧತಿಯಲ್ಲಿ ಓಡುವವನು ಗೆಳೆಯರ ಹತ್ತಿರ ಹೋಗಿ ‘ಕಿಲೋಮೀಟರಿಗೆ ಇಷ್ಟು ಕೊಡ್ತೀಯಾ’ ಎಂದು ಬರೆಸಿಕೊಳ್ಳುತ್ತಾನೆ, ಓಡಿ ಬಂದು ವಸೂಲಿ ಮಾಡುತ್ತಾನೆ. ಇಲ್ಲಿ ಅದನ್ನು ಹಾಗೇ ಇಳಿಸಿದರೆ ನಡೆಯುವುದಿಲ್ಲ. ‘ನೀ ಮೊದಲ ಪೂರಾ ಓಡು, ಆಮ್ಯಾಲ ನೋಡೂಣು’ ಅನ್ನುವ ಕಾಕಾ ಓಟ ಮುಗಿದ ಮೇಲೆ ಫೋನ್ ಎತ್ತುವುದಿಲ್ಲ. ಆದರೆ ಗಣಪತಿಗೆ, ಜಾತ್ರೆಗೆ ಪಟ್ಟಿ ಎತ್ತುವುದು ನಮಗೆ ಚೆನ್ನಾಗಿ ಬರುತ್ತದೆ. ಅದರ ಗುಟ್ಟು ಮೂರು: ರೊಕ್ಕ ಮೊದಲೇ ತೆಗೆದುಕೊಳ್ಳುವುದು, ಪಾವತಿ ಅಲ್ಲೇ ಹರಿದು ಕೊಡುವುದು, ಕೊಟ್ಟವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದುವುದು. ಓಟದ ದೇಣಿಗೆಯನ್ನೂ ಹೀಗೇ ಎತ್ತಬೇಕು. ಪಕ್ಕದ ಮನೆಯವರು ಐನೂರು ಬರೆಸಿದ್ದು ಕಂಡರೆ ಇವರು ಐನೂರಾ ಒಂದು ಬರೆಸುತ್ತಾರೆ. ಆ ಒಂದು ರೂಪಾಯಿಯನ್ನು ನಂಬಿಯೇ ನಮ್ಮ ಕಡೆ ಎಷ್ಟೋ ಗುಡಿ ಎದ್ದಿವೆ.

ಸೋರಿಕೆ ಎಲ್ಲಿ ಅಂದರೆ, ನಮ್ಮ ರೂಢಿಗಳಲ್ಲಿ.

ಟಿ-ಶರ್ಟು ತಗೊಳ್ಳಿ. ಎಲ್ಲರಿಗೂ ಎಕ್ಸ್‌ಎಲ್ ಬೇಕು. ‘ಇರಲಿ ಬಿಡ್ರಿ, ತೊಳದ ಮ್ಯಾಲ ಸಣ್ಣದಾಗತದ’ ಅನ್ನುತ್ತಾರೆ. ಅದು ಪಾಲಿಯೆಸ್ಟರ್, ಹತ್ತಿಯ ಹಾಗೆ ಸಂಕುಚಿಸುವುದಿಲ್ಲ. ನಲವತ್ತು ತೊಳೆತ ಕಂಡರೂ ಅಂಗಿ ಅಷ್ಟೇ ಇರುತ್ತದೆ, ಭುಜದಿಂದ ಜೋಲುತ್ತದೆ. ಕೊನೆಗೆ ಎಸ್ ಸೈಜಿನ ರಾಶಿ ಡಬ್ಬದಲ್ಲೇ ಉಳಿಯುತ್ತದೆ, ಎಕ್ಸ್‌ಎಲ್ ಸಾಲದೆ ಮತ್ತೆ ಹೊಲಿಸಬೇಕಾಗುತ್ತದೆ. ಉಪಾಯ: ಫಾರ್ಮಿನಲ್ಲಿ ಅಕ್ಷರ ಕೇಳಬೇಡಿ, ಎದೆಸುತ್ತಳತೆಯನ್ನು ಇಂಚಿನಲ್ಲಿ ಕೇಳಿ. ನೋಂದಣಿ ಮುಗಿದ ಮೇಲಷ್ಟೇ ಆರ್ಡರ್ ಕೊಡಿ.

ನೀರು. ಹತ್ತು ಕಿಲೋಮೀಟರಿಗೆ ಎರಡೂವರೆ ಕಿ.ಮೀ.ಗೊಂದು ನೀರಿನ ಕಟ್ಟೆ ಇಟ್ಟರೆ, ಸಾವಿರ ಮಂದಿಗೆ ತಲೆಗೆ 200 ಮಿ.ಲೀ. ಹಿಡಿದು ಒಂದೊಂದು ಕಡೆ 200 ಲೀಟರ್, ಅಂದರೆ 20 ಲೀಟರಿನ ಹತ್ತು ಕ್ಯಾನು. ಕಾಗದದ ಲೆಕ್ಕ ಇದು. ನಮ್ಮವರು ಎರಡು ಲೋಟ ಎತ್ತುತ್ತಾರೆ: ಒಂದು ಬಾಯಿ ಮುಕ್ಕಳಿಸಿ ಮುಖ ತೊಳೆಯಲು, ಇನ್ನೊಂದು ಕುಡಿಯಲು. ಕುಡಿಯುವುದೂ ಹೇಗೆ? ಎಂಜಲಾಗಬಾರದೆಂದು ತುಟಿಗೆ ತಾಗಿಸದೆ ಮೇಲಿನಿಂದ ಹೊಯ್ದುಕೊಳ್ಳುತ್ತಾರೆ. ಕಾಗದದ ಲೋಟ, ಒಮ್ಮೆ ಕುಡಿದು ಎಸೆಯುವುದು, ಮತ್ಯಾರೂ ಅದಕ್ಕೆ ಬಾಯಿ ಹಚ್ಚುವುದಿಲ್ಲ. ಆದರೂ ಕೈ ಮೇಲೇ ಹೋಗುತ್ತದೆ. ಓಡುತ್ತಾ ಹೀಗೆ ಕುಡಿದರೆ ನೀರು ಮೂಗಿಗೆ ಹೋಗುತ್ತದೆ, ಆದ್ದರಿಂದ ನಿಲ್ಲುತ್ತಾರೆ. ಮೊದಲನೇ ಮೇಜಿನ ಎದುರಿಗೇ ನಿಲ್ಲುತ್ತಾರೆ, ಹಿಂದಿನವರು ಬಂದು ಬಡಿಯುತ್ತಾರೆ. ಇದಕ್ಕೆ ಮೇಜುಗಳನ್ನು ಅಂತರ ಬಿಟ್ಟು ಸಾಲಾಗಿ ನಾಲ್ಕು ಇಡಬೇಕು, ಲೋಟ ಅರ್ಧವೇ ತುಂಬಬೇಕು, ಗಟ್ಟಿ ಗಂಟಲಿನ ಒಬ್ಬ ‘ಮುಂದಿನ ಮೇಜಿಗೆ ಹೋಗ್ರೀ’ ಎಂದು ಕೂಗುತ್ತಲೇ ಇರಬೇಕು. ಓಡುವವರು ಲೋಟದ ಅಂಚನ್ನು ಎರಡು ಬೆರಳಲ್ಲಿ ಒತ್ತಿ ಮೂತಿ ಮಾಡಿಕೊಂಡರೆ ನಡೆಯುತ್ತಲೇ ಗುಟುಕರಿಸಬಹುದು, ಒಂದು ಹನಿ ಚೆಲ್ಲುವುದಿಲ್ಲ. ಕ್ಯಾನು ಮಾತ್ರ ಕಟ್ಟೆಗೆ ಹದಿನೆಂಟರಂತೆ ತರಿಸಿಡಿ.

ಬಿಬ್ಬು ಅನ್ನುವುದು ಬರೀ ನಂಬರಿನ ಚೀಟಿಯಲ್ಲ. ಅದರ ಹಿಂದೆ ತೆಳು ಫೋಮಿನ ಪಟ್ಟಿ, ಅದಕ್ಕೆ ಹೊಂದಿಕೊಂಡು ಚಿಪ್ಪು. ಫೋಮು ಯಾಕೆಂದರೆ, ಚಿಪ್ಪು ಬೆವೆತ ಮೈಗೆ ನೇರ ಅಂಟಿದರೆ ನೀರಿನಂಶ ಸಿಗ್ನಲನ್ನು ಹೀರಿಕೊಂಡುಬಿಡುತ್ತದೆ. ಒಣ ಬಟ್ಟೆ ಅಡ್ಡ ಬಂದರೆ ತೊಂದರೆಯಿಲ್ಲ, ಸೆರಗಿನ ಹಿಂದಿದ್ದರೂ ಯಂತ್ರ ಓದುತ್ತದೆ. ಫೋನ್ ಅಡ್ಡ ಬಂದರೆ ಓದದೇ ಹೋಗಬಹುದು. ಮಡಚಿ ಕಿಸೆಯಲ್ಲಿಟ್ಟರೆ, ಚಿಪ್ಪಿನ ಮೇಲೇ ಪಿನ್ನು ಚುಚ್ಚಿದರೆ ಅದು ಸತ್ತ ಹಾಗೆಯೇ. ಎದೆಯ ಮೇಲೆ, ನಾಲ್ಕು ಮೂಲೆಗೆ ನಾಲ್ಕು ಪಿನ್ನು. ಸಾವಿರ ಮಂದಿಗೆ ನಾಲ್ಕು ಸಾವಿರ ಪಿನ್ನು ಬೇಕು, ಆದರೆ ನಮ್ಮ ಅಕ್ಕಂದಿರು ಸೀರೆಗೂ ಇರಲಿ ಎಂದು ಹಿಡಿಗಟ್ಟಲೆ ಎತ್ತುವುದರಿಂದ ಐದು ಸಾವಿರ ತರಿಸುವುದು ಒಳ್ಳೆಯದು.

ಇದಕ್ಕಿಂತ ದೊಡ್ಡ ರೂಢಿ ಬಿಬ್ಬನ್ನು ಮನೆಮಂದಿಯೊಳಗೆ ಹಂಚಿಕೊಳ್ಳುವುದು. ಹೆಸರು ಬರೆಸಿದ್ದು 58 ವರ್ಷದ ಮಾವ, ಬೆಳಿಗ್ಗೆ ಎದ್ದದ್ದು 22ರ ಅಳಿಯ. ‘ರೊಕ್ಕಾ ಕಟ್ಟಿದ್ದು ವ್ಯರ್ಥ ಆಗಬಾರದಲ್ರೀ.’ ಚಿಪ್ಪಿಗೆ ವಯಸ್ಸು ಗೊತ್ತಾಗುವುದಿಲ್ಲ. ಹಿರಿಯರ ವಿಭಾಗದ ಮೊದಲ ಬಹುಮಾನ ಮೀಸೆ ಮೂಡದ ಹುಡುಗನಿಗೆ ಬರುತ್ತದೆ, ನಿಜವಾಗಿ ಬೆವರು ಸುರಿಸಿದ ನಿವೃತ್ತ ಮಾಸ್ತರರು ವೇದಿಕೆಗೆ ಬಂದು ಜಗಳ ತೆಗೆಯುತ್ತಾರೆ. ಅದಾದರೂ ಇರಲಿ. ಬಿಬ್ಬಿನ ಹಿಂದೆ ರಕ್ತದ ಗುಂಪು ಮತ್ತು ಮನೆಯ ನಂಬರ್ ಬರೆದಿರುತ್ತದೆ. ಓಡುವಾಗ ಅಳಿಯ ತಲೆ ತಿರುಗಿ ಬಿದ್ದ ಅನ್ನಿ. ಆಂಬುಲೆನ್ಸಿನವರು ಆ ನಂಬರಿಗೆ ಫೋನ್ ಮಾಡಿ ‘ನಿಮ್ಮ ಯಜಮಾನರು ಬಿದ್ದಾರ್ರಿ’ ಅಂದರೆ, ‘ಏ, ಅವರು ಇಲ್ಲೇ ಮಲಗ್ಯಾರಲ್ರಿ’ ಎಂದು ಅತ್ತೆ ಫೋನ್ ಇಡುತ್ತಾರೆ. ಬಿದ್ದವನ ಔಷಧಿಯ ಅಲರ್ಜಿ, ರಕ್ತದ ಗುಂಪು ಯಾವುದೂ ಅಲ್ಲಿ ಬರೆದದ್ದಲ್ಲ. ಆದ್ದರಿಂದ ಬಿಬ್ಬು ಕೊಡುವಾಗ ಗುರುತಿನ ಚೀಟಿ ನೋಡಬೇಕು, ಹೆಸರು ಬದಲಿಸಲು ಹಿಂದಿನ ದಿನ ಸಂಜೆವರೆಗೆ ಅವಕಾಶ ಇಡಬೇಕು. ಬದಲಿಸಲು ದಾರಿಯೇ ಇಲ್ಲದಿದ್ದರೆ ಮಂದಿ ಕದ್ದೇ ಬದಲಿಸುತ್ತಾರೆ.

ಮುಖ್ಯ ಅತಿಥಿಗಳ ವಿಷಯಕ್ಕೆ ಬರೋಣ. ಆರಕ್ಕೆ ಓಟ ಅಂದರೆ ಅವರು ಆರೂ ಇಪ್ಪತ್ತಕ್ಕೆ ಬರುತ್ತಾರೆ. ಆಮೇಲೆ ಪ್ರಾರ್ಥನಾ ಗೀತೆ, ದೀಪ, ಶಾಲು, ಹಾರ, ರುಮಾಲು, ‘ನಾನು ಹೆಚ್ಚಿಗೆ ಮಾತಾಡೂದಿಲ್ಲ’ ಎಂದು ಶುರುವಾಗುವ ಭಾಷಣ. ಹಸಿರು ನಿಶಾನೆ ಬೀಸುವಾಗ ಆರೂ ನಲವತ್ತು. ತಾಸಿಗೆ ಆರು ಕಿ.ಮೀ. ನಡೆಯುವವರಿಗೆ ಹತ್ತು ಕಿಲೋಮೀಟರಿಗೆ ಒಂದು ತಾಸು ನಲವತ್ತು ನಿಮಿಷ ಬೇಕು. ಆರಕ್ಕೆ ಬಿಟ್ಟಿದ್ದರೆ 7.40ಕ್ಕೆ ಮುಗಿಯುತ್ತಿತ್ತು, ಈಗ 8.20. ಪೊಲೀಸರು ರಸ್ತೆ ಬಿಟ್ಟುಕೊಟ್ಟದ್ದು ಎಂಟರವರೆಗೆ ಎಂದಿಟ್ಟುಕೊಳ್ಳಿ. ಕೊನೆಯ ಇಪ್ಪತ್ತು ನಿಮಿಷ ಆ ನಡೆಯುವವರು ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ವಾಹನಗಳ ನಡುವೆ. ಅಲ್ಲಿ ನಡುವಿನ ಪಥ ಚಿಗರಿ ಅನ್ನುವ ಬಿ.ಆರ್.ಟಿ.ಎಸ್. ಬಸ್ಸಿಗೇ ಮೀಸಲು, ಕಟಾಂಜನ ದಾಟಿ ಆಚೆ ಹೋಗಲು ಸಿಗ್ನಲ್ ಇದ್ದಲ್ಲೇ ಜಾಗ. ಈ ಕಾರಣಕ್ಕೇ ಉಣಕಲ್ಲ, ವಿದ್ಯಾನಗರದ ಕಡೆ ಮಾರ್ಗ ಹಾಕುವವರು ಹೋಗುವುದನ್ನೂ ಬರುವುದನ್ನೂ ರಸ್ತೆಯ ಒಂದೇ ಬದಿಗೆ ಇಟ್ಟುಕೊಳ್ಳಬೇಕು. ಪರಿಹಾರ ಸುಲಭ, ಧೈರ್ಯ ಮಾತ್ರ ಬೇಕು: ಆರು ಹೊಡೆದಾಗ ಅಲ್ಲಿದ್ದವರ ಕೈಗೆ ಬಾವುಟ ಕೊಡಿ, ಶಾಲೆಯ ಹುಡುಗಿಯಾದರೂ ಸರಿ. ಸತ್ಕಾರ, ಭಾಷಣ ಎಲ್ಲ ಓಟದ ನಂತರ, ಮಂದಿ ಕೈಯಲ್ಲಿ ಶಿರಾ-ಉಪ್ಪಿಟ್ಟಿನ ಪ್ಲೇಟು ಹಿಡಿದು ಹೇಗೂ ನಿಂತಿರುವಾಗ.

ಮೂರು ಕಿ.ಮೀ. ನಡಿಗೆಯವರು ಬೇರೆಯೇ ಜಾತ್ರೆ. ‘ಮೂರು ಕಿಲೋಮೀಟರ್ ಆಗೂದಿಲ್ರಿ’ ಅನ್ನುವವರೇ ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರಿನ ಪ್ಲಾಟ್‌ಫಾರ್ಮಿನಲ್ಲಿ ಬೋಗಿ ಹುಡುಕುತ್ತ ಬ್ಯಾಗು ಹೊತ್ತು ಓಡುತ್ತಾರೆ; ಅಲ್ಲಿ ತುದಿಯಿಂದ ತುದಿಗೆ ಹೋಗಿ ವಾಪಸ್ ಬಂದರೆ ಮೂರು ಆಯಿತು. ಮನೆಮಂದಿಯೆಲ್ಲ ಸಾಲಾಗಿ ಕೈಕೈ ಹಿಡಿದು ಇಡೀ ರಸ್ತೆ ತುಂಬುತ್ತಾರೆ, ಮಧ್ಯದಲ್ಲಿ ಸೆಲ್ಫಿ. ಹತ್ತು ಕಿ.ಮೀ.ಯವರನ್ನು ಮೊದಲು ಬಿಟ್ಟು, ಹತ್ತು ನಿಮಿಷದ ಮೇಲೆ ಐದು, ಇನ್ನೂ ಹತ್ತು ನಿಮಿಷದ ಮೇಲೆ ಮೂರು ಬಿಟ್ಟರೆ ಒಬ್ಬರಿಗೊಬ್ಬರು ಅಡ್ಡ ಬರುವುದು ಕಡಿಮೆ. ರಸ್ತೆ ಬದಿಯವರು ಚಪ್ಪಾಳೆ ಹೊಡೆಯುವುದು ಕಡಿಮೆ. ‘ಯಾಕ ಓಡಾಕತ್ತೀರಿ, ಏನಾತು?’ ಎಂದು ವಿಚಾರಿಸುತ್ತಾರೆ, ‘ಬರ್ರಿ, ಚಾ ಕುಡಿದು ಹೋಗ್ರಿ’ ಎಂದು ಕರೆಯುತ್ತಾರೆ. ಇದರ ಮೇಲೆ ನನ್ನದೇನೂ ತಕರಾರಿಲ್ಲ.

ತಕರಾರಿರುವುದು ಪ್ರಶ್ನೆಯ ಮೇಲೆ. ‘ಓಡೂದ್ಯಾಕ’ ಅನ್ನುವ ಬದಲು ‘ಎಷ್ಟು ಮುಟ್ಟಿತು?’ ಎಂದು ಕೇಳಿ. ಜಾತ್ರೆ ಮುಗಿದ ಮೇಲೆ ಗುಡಿಯಲ್ಲಿ ಜಮಾ-ಖರ್ಚು ಓದಿಸಿ, ಒಂದು ಗ್ಯಾಸ್‌ಬತ್ತಿಯ ಬಾಡಿಗೆಗೂ ತಕರಾರು ತೆಗೆಯುವ ನಾವು, ಓಟ ಮುಗಿದ ಮೇಲೆ ಲೆಕ್ಕ ಕೇಳುವುದಿಲ್ಲ. ಕೇಳಬೇಕು, ಅದೂ ಬಿಡಿಬಿಡಿಯಾಗಿ. ಶುಲ್ಕ ಎಷ್ಟು ಬಂತು, ಪ್ರಾಯೋಜಕರದೆಷ್ಟು, ದೇಣಿಗೆ ಎಷ್ಟು? ಬಾಳೆಹಣ್ಣು, ಬ್ಯಾನರಿನಂಥ ಸಾಮಾನಿನ ರೂಪದಲ್ಲಿ ಬಂದದ್ದನ್ನು ನಗದಿನ ಜೊತೆ ಕೂಡಿಸಿ ದೊಡ್ಡ ಮೊತ್ತ ತೋರಿಸಿದ್ದಾರೋ? ಶಾಲೆಗೋ ಆಸ್ಪತ್ರೆಗೋ ಹೋದ ಚೆಕ್ಕಿನ ತಾರೀಖು ಯಾವುದು? ವೇದಿಕೆಯ ಮೇಲೆ ಹಿಡಿಯುವ ಬಾಗಿಲಿನಷ್ಟು ದೊಡ್ಡ ಥರ್ಮಾಕೋಲ್ ಚೆಕ್ಕಲ್ಲ, ಬ್ಯಾಂಕಿಗೆ ಹೋದದ್ದು.

ತೆರಿಗೆ ವಿನಾಯಿತಿ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ನೋಂದಣಿ ಶುಲ್ಕಕ್ಕೆ ದೇಣಿಗೆಯ ವಿನಾಯಿತಿ, ಅಂದರೆ ಮಂದಿ 80ಜಿ ಎಂದು ಕರೆಯುವುದು, ನಡೆಯುವುದಿಲ್ಲ. ಅದಕ್ಕೆ ಬದಲಾಗಿ ಅಂಗಿ, ಪದಕ, ನಾಷ್ಟಾ ಬಂದಿದೆ. ಬೇರೆಯಾಗಿ ಕೊಟ್ಟ ದೇಣಿಗೆಗೆ ನಡೆಯುತ್ತದೆ, ಸಂಸ್ಥೆಗೆ ಆ ನೋಂದಣಿ ಇದ್ದರೆ ಮತ್ತು ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ. ನಗದಾಗಿ ಕೊಟ್ಟದ್ದು 2,000 ರೂಪಾಯಿ ದಾಟಿದರೆ ಅದಕ್ಕೆ ಇಲ್ಲ. ಪಾನ್ ನಂಬರ್ ಅವತ್ತೇ ಬರೆಸಿ.

ಇನ್ನೊಂದು ಅಂಕಿಯನ್ನೂ ಕೇಳಬೇಕು: ಪುಕ್ಕಟೆ ಹೋದ ಬಿಬ್ಬು ಎಷ್ಟು? ಹಿಂದಿನ ಶನಿವಾರ ರಾತ್ರಿ ಒಂಬತ್ತಕ್ಕೆ ‘ನಮ್ಮ ಹುಡುಗರದು ಒಂದ ಇಪ್ಪತ್ತ ಬಿಬ್ಬು ಇಡ್ರಿ’ ಎಂದು ಬರುವ ಫೋನುಗಳ ಲೆಕ್ಕ ಅದು. ಮೇಲಿನ ಲೆಕ್ಕದ ಪ್ರಕಾರ ಇಪ್ಪತ್ತು ಬಿಬ್ಬು ಅಂದರೆ 8,800 ರೂಪಾಯಿ ಖರ್ಚು. ‘ಸೀದಾ ಕೊಟ್ಟರ ಆಗ್ತಿರಲಿಲ್ಲೇನ್ರಿ’ ಅನ್ನುವವರ ಹೆಸರು ಆ ಪಟ್ಟಿಯಲ್ಲಿ ಇದ್ದೇ ಇರುತ್ತದೆ, ಎಕ್ಸ್‌ಎಲ್ ಸೈಜಿನ ಎದುರಿಗೆ.